ಹಗ್ಗ ಬದಲಾದಂತೆ ಬದಲಾದ ಹುಲ್ಲಿನ ಮೈದಾನ

ಡಾಂಬರು ಹಾಕಿಸಲು ದುಡ್ಡಿಲ್ಲ, ಅದಕ್ಕೇ ಎಂಜಿನ್ ಇಲ್ಲದ ವಿಮಾನ ಹಾರಿಸುವ ಗ್ಲೈಡಿಂಗ್ ಕ್ಲಬ್‌ಗಳು ಹುಲ್ಲಿನ ಮೇಲೆ ಹಾರುತ್ತವೆ ಎಂಬುದು ಅರ್ಧ ಸತ್ಯ. ಮೊದಮೊದಲು ಎಲ್ಲ ವಿಮಾನಗಳಿಗೂ ಹುಲ್ಲೇ ಗತಿ. ಮೈದಾನ ಎಲ್ಲ ಕಡೆಗೂ ಅಗಲವಾಗಿರುತ್ತಿತ್ತು. ಗಾಳಿ ಎತ್ತಲಿಂದ ಬೀಸಿದರೂ ಎದುರಾಗಿ ಏರಬಹುದಿತ್ತು. ಬ್ರೇಕ್ ಇಲ್ಲದ ವಿಮಾನವನ್ನು ಬಾಲದಡಿಯ ಊರುಗೋಲು, ಅಂದರೆ ಟೇಲ್ ಸ್ಕಿಡ್, ಮಣ್ಣು ಗೀರುತ್ತಾ ನಿಲ್ಲಿಸುತ್ತಿತ್ತು. ವಿಮಾನಗಳ ತೂಕ ಹೆಚ್ಚಿ ಕಾಂಕ್ರೀಟ್ ಪಟ್ಟಿ ಬಂತು, ಅದರ ಜೊತೆಗೇ ಅಡ್ಡಗಾಳಿಯ ತಲೆನೋವೂ ಬಂತು.

ಗ್ಲೈಡಿಂಗ್ ಬೆಳೆದದ್ದು ಮಾತ್ರ ಗುಡ್ಡದ ಮೇಲೆ. 1919ರ ವರ್ಸೈ ಒಪ್ಪಂದ ಜರ್ಮನಿಯ ಎಂಜಿನ್ ವಿಮಾನಗಳಿಗೆ ಕಡಿವಾಣ ಹಾಕಿತು. ಮರುವರ್ಷ, ಅಲ್ಲಿನ 950 ಮೀಟರ್ ಎತ್ತರದ ಗುಡ್ಡ ವಾಸರ್‌ಕುಪ್ಪೆಯಲ್ಲಿ ಮೊದಲ ಸ್ಪರ್ಧೆ ನಡೆಯಿತು. ಒಂದಷ್ಟು ಜನ ಗ್ಲೈಡರಿನ ಬಾಲ ಹಿಡಿದಿರುತ್ತಿದ್ದರು, ಎರಡು ತಂಡಗಳು ರಬ್ಬರ್ ಹಗ್ಗ ಎಳೆದುಕೊಂಡು ಇಳಿಜಾರಿನಲ್ಲಿ ಓಡುತ್ತಿದ್ದವು. 1922ರಲ್ಲಿ ವಾಂಪೈರ್ ಎಂಬ ಗ್ಲೈಡರ್ ಹೀಗೇ ಎದ್ದು ಒಂದು ಗಂಟೆಗೂ ಮೀರಿ ಹಾರಿತು. ದಶಕದ ಕೊನೆಗೆ ಪೈಲಟ್‌ಗಳು ಥರ್ಮಲ್, ಅಂದರೆ ಬಿಸಿಯಾಗಿ ಮೇಲೇರುವ ಗಾಳಿ, ಬಳಸಲು ಕಲಿತರು, ಅದನ್ನು ಹುಡುಕಿಕೊಡುವ ವೇರಿಯೋಮೀಟರ್ ಕೈಗೆ ಬಂತು. ಆಮೇಲೆ ಗುಡ್ಡದ ಹಂಗಿಲ್ಲ. ಬಯಲಿನಿಂದ ಕೆಲವು ನೂರು ಮೀಟರ್ ಮೇಲೆತ್ತುವವರಿದ್ದರೆ ಸಾಕು.

ಆ ಕೆಲಸಕ್ಕೆ ಬಂದದ್ದು ವಿಂಚ್, ಮೈದಾನದ ಇನ್ನೊಂದು ತುದಿಯಲ್ಲಿ ನಿಂತು ಕೇಬಲ್ ಸುತ್ತಿಕೊಳ್ಳುತ್ತಾ ಗ್ಲೈಡರನ್ನು ಎಳೆಯುವ ಯಂತ್ರ. ಮೈದಾನವನ್ನು ಉದ್ದಕ್ಕೆ ಎಳೆದದ್ದೂ ಅದೇ. ಸುಮಾರು 1,000 ಮೀಟರ್ ಕೇಬಲ್ ಹಾಸಿದರೆ 300ರಿಂದ 400 ಮೀಟರ್ ಎತ್ತರ ಸಿಗುತ್ತದೆ. ಕೇಬಲ್ ತುದಿಯಲ್ಲಿ ಪುಟ್ಟ ಪ್ಯಾರಾಚೂಟ್, ಆಮೇಲೆ ವೀಕ್ ಲಿಂಕ್. ಎಳೆತ ಮಿತಿ ಮೀರಿದರೆ ರೆಕ್ಕೆ ಮುರಿಯುವ ಮೊದಲು ಇದು ಮುರಿಯಬೇಕು. ಬಣ್ಣದಿಂದ ಗುರುತು: ಕಪ್ಪು ಸುಮಾರು 1,000 ಕಿಲೋ, ನೀಲಿ 600, ಬಿಳಿ 500. ಯಾವ ಗ್ಲೈಡರಿಗೆ ಯಾವುದು ಎಂಬುದು ಅದರ ಕೈಪಿಡಿಯಲ್ಲಿರುತ್ತದೆ, ಅಂದಾಜು ನಡೆಯದು.

ಏರುವಾಗ ಮೂತಿ ಸುಮಾರು 45 ಡಿಗ್ರಿ ಮೇಲಿರುತ್ತದೆ. ಆಗ ಕೇಬಲ್ ತುಂಡಾದರೆ ವೇಗ ಕ್ಷಣದಲ್ಲಿ ಇಳಿಯುತ್ತದೆ. ತಕ್ಷಣ ಮೂತಿ ತಗ್ಗಿಸಬೇಕು, ನೆಲಕ್ಕಿಳಿಯಲು ಬೇಕಾದಷ್ಟು ವೇಗ ಮರಳುವ ತನಕ ತಿರುಗುವಂತಿಲ್ಲ, ಏರ್‌ಬ್ರೇಕ್ ಮುಟ್ಟುವಂತಿಲ್ಲ. ಆಮೇಲೆ ಉಳಿದ ಕೇಬಲ್ ಕಳಚಿ, ಎದುರಿಗೆ ಜಾಗವಿದ್ದರೆ ನೇರವಾಗಿ ಇಳಿಯುವುದು. ನೆಲದ ಮೇಲಿನ ಅಪಾಯ ಇನ್ನೂ ಬೇಗ ಬರುತ್ತದೆ: ಓಟದಲ್ಲಿ ರೆಕ್ಕೆಯ ತುದಿ ಎತ್ತರದ ಹುಲ್ಲಿಗೆ ಸಿಕ್ಕಿದರೆ, ಕೇಬಲ್ ಎಳೆಯುತ್ತಲೇ ಇರುವುದರಿಂದ ಗ್ಲೈಡರ್ ಗಿರಕಿ ಹೊಡೆದು ಮಗುಚಬಹುದು. ಎಡಗೈ ಕೇಬಲ್ ಕಳಚುವ ರಿಲೀಸ್ ಹಿಡಿಯ ಮೇಲೋ ಅದರ ಪಕ್ಕದಲ್ಲೋ ಇರಬೇಕು, ಹುಲ್ಲು ಸದಾ ಗಿಡ್ಡಗಿರಬೇಕು. ಇನ್ನು, ಇಳಿಯುವ ಮುನ್ನ ಮೈದಾನದ ನೆತ್ತಿಯ ಮೇಲೆ ಸುತ್ತುವುದು ಎಂಜಿನ್ ವಿಮಾನಗಳವರಿಗೆ ರೂಢಿ. ವಿಂಚ್ ನಡೆಯುವ ಕಡೆ ಅದು ಆತ್ಮಹತ್ಯೆಗೆ ಸಮ. ಕೇಬಲ್ ಕಣ್ಣಿಗೆ ಕಾಣುವುದಿಲ್ಲ.

1927ರಿಂದ ವಿಮಾನ ಕಟ್ಟಿ ಎಳೆಯುವ ಏರೋಟೋ ಕೂಡ ಬಂತು. ಇಲ್ಲಿ ಹುಲ್ಲೇ ಸುಂಕ ವಸೂಲಿ ಮಾಡುತ್ತದೆ. ಒಣ ಹುಲ್ಲಿನಲ್ಲಿ ಟೇಕಾಫ್ ದೂರ ಡಾಂಬರಿಗಿಂತ ಸುಮಾರು 20% ಹೆಚ್ಚು, ಒದ್ದೆಯಾದರೆ 30%, ನೆಲ ಮೆತ್ತಗಾದರೆ ಇನ್ನೂ ಹೆಚ್ಚು. ಇದು ಒಂಟಿ ವಿಮಾನದ ಲೆಕ್ಕ. ಹಿಂದೆ ಗ್ಲೈಡರ್ ಇದ್ದರೆ ಓಟ ಮತ್ತಷ್ಟು ಉದ್ದ.

ಇಷ್ಟಿದ್ದೂ ಹುಲ್ಲು ಬಿಡದಿರಲು ಕಾರಣಗಳಿವೆ. ಎಂಜಿನ್ ಇಲ್ಲದ್ದು ಇನ್ನೊಂದು ಸುತ್ತು ಹಾಕಿ ಬರಲಾಗದು. ಅಗಲ ಮೈದಾನದಲ್ಲಿ ಮೂರು ಗ್ಲೈಡರ್ ಅಕ್ಕಪಕ್ಕ ಇಳಿಯಬಹುದು. ಅಡ್ಡಗಾಳಿಯಲ್ಲಿ ಟೈರ್ ಕೊಂಚ ಜಾರಿ ಪೆಟ್ಟು ತಗ್ಗುತ್ತದೆ. ಕೇಬಲ್ಲೂ ಹುಲ್ಲಿನ ಮೇಲೆ ಕಡಿಮೆ ಸವೆಯುತ್ತದೆ. ಈಗ ಉಕ್ಕಿನ ಬದಲು ಹಲವೆಡೆ ಸಿಂಥೆಟಿಕ್ ಹಗ್ಗ: ತೀರಾ ಹಗುರ, ಗ್ಲೈಡರ್ ಇನ್ನಷ್ಟು ಎತ್ತರ ಹೋಗುತ್ತದೆ. ಆದರೆ ಕಲ್ಲು, ಜಲ್ಲಿಗೆ ಉಜ್ಜಿದರೆ ಎಳೆ ಬಿಡುತ್ತದೆ, ಬಿಸಿಯನ್ನೂ ತಡೆಯದು. ಇಂಥ ಹಗ್ಗ ತಂದ ಕ್ಲಬ್‌ಗಳು ಮೊದಲು ಮಾಡಬೇಕಾದದ್ದು ಹಗ್ಗ ಹಾಸುವ ದಾರಿಯುದ್ದಕ್ಕೂ ಕಲ್ಲು ಹೆಕ್ಕುವ ಕೆಲಸ.