ಸಿಗ್ನಲ್ ಇಲ್ಲದ ಕಡೆ ಬಲಕ್ಕೆ ತಿರುಗುವಾಗ ಗಾಬರಿಯಾಗದಿರಲು ಏನು ಮಾಡಬೇಕು?

ಪ್ರಶ್ನೆ: ಚಾಲನಾ ಪರವಾನಗಿ ಈಚೆಗಷ್ಟೇ ಕೈಸೇರಿದೆ. ಸಾಲಗಾಮೆ ರಸ್ತೆಯ ಆಸುಪಾಸಿನ ಬಡಾವಣೆಗಳಲ್ಲಿ ಕಾರನ್ನು ಸಲೀಸಾಗಿ ಓಡಿಸುತ್ತೇನೆ. ಆದರೆ ಹಾಸನದ ಎನ್.ಆರ್. ವೃತ್ತದಂಥ ದಟ್ಟಣೆಯ ಜಾಗಕ್ಕೆ ಬಂದು ಬಲಕ್ಕೆ ತಿರುಗಬೇಕಾದಾಗ, ಯಾವಾಗ ನುಗ್ಗಬೇಕು, ಯಾವಾಗ ನಿಲ್ಲಬೇಕು ಎಂಬುದು ತಿಳಿಯುವುದಿಲ್ಲ. ಹಿಂದಿನವರು ಹಾರ್ನ್ ಹೊಡೆಯುತ್ತಾರೆ, ಕೈಕಾಲು ನಡುಗಿ ಗಾಡಿ ಆಫ್ ಆಗುತ್ತದೆ. ಇದಕ್ಕೆ ಪರಿಹಾರವೇನು?

ಉತ್ತರ: ಕನ್ನಡಿ ನೋಡುವುದು, ಇಂಡಿಕೇಟರ್ ಹಾಕುವುದು, ಗೇರ್ ಇಳಿಸುವುದು, ರಸ್ತೆಯ ಸರಿಯಾದ ಭಾಗಕ್ಕೆ ಬರುವುದು, ಎದುರಿನ ವಾಹನದ ವೇಗ ಅಂದಾಜಿಸುವುದು, ಇವೆಲ್ಲವೂ ವೃತ್ತದ ಬಾಯಿಗೆ ಬಂದಮೇಲೆ ಒಟ್ಟಿಗೇ ಎದುರಾದರೆ ಯಾರಿಗಾದರೂ ಗಾಬರಿಯಾಗುವುದು ಸಹಜ. ಇವುಗಳಲ್ಲಿ ಕೊನೆಯದೊಂದನ್ನು ಬಿಟ್ಟು ಉಳಿದವನ್ನೆಲ್ಲ ಸುಮಾರು ನೂರು ಮೀಟರ್ ಮೊದಲೇ ಮುಗಿಸಿಕೊಳ್ಳಬಹುದು. ಅನುಭವಿ ಚಾಲಕರು ನಿರಾತಂಕವಾಗಿ ಕಾಣುವುದು ಮುಖ್ಯವಾಗಿ ಈ ಕಾರಣದಿಂದ. ಅವರು ವೃತ್ತ ತಲುಪುವ ಹೊತ್ತಿಗೆ ಮಾಡುವ ಕೆಲಸ ಹೆಚ್ಚೇನೂ ಉಳಿದಿರುವುದಿಲ್ಲ.

ಮೊದಲನೆಯದು, ರಸ್ತೆಯಲ್ಲಿ ನಿಮ್ಮ ಜಾಗ. ಹೊಸ ಚಾಲಕರು ಸುರಕ್ಷಿತವೆಂದು ಭಾವಿಸಿ ಎಡ ಅಂಚನ್ನೇ ಹಿಡಿದು ಬರುತ್ತಾರೆ. ಬಿ.ಎಂ. ರಸ್ತೆಯಲ್ಲಾಗಲಿ, ಚಿಕ್ಕಮಗಳೂರಿನ ಎಂ.ಜಿ. ರಸ್ತೆಯಲ್ಲಾಗಲಿ ಎಡ ಅಂಚಿನಲ್ಲಿ ಆಟೊ ನಿಂತಿರುತ್ತದೆ, ಜನ ಇಳಿಯುತ್ತಿರುತ್ತಾರೆ. ಅವುಗಳ ಹಿಂದೆ ಸಿಕ್ಕಿಕೊಂಡವರು ಕೊನೆಯ ಗಳಿಗೆಯಲ್ಲಿ ಇಡೀ ರಸ್ತೆಗೆ ಅಡ್ಡಲಾಗಿ ಬಲಕ್ಕೆ ಹೊರಳುತ್ತಾರೆ. ಹಿಂದಿನಿಂದ ಬರುವ ಬೈಕು ಬಡಿಯುವುದು ಆಗಲೇ. ಬಲಕ್ಕೆ ತಿರುಗುವವರು ರಸ್ತೆಯ ಮಧ್ಯಕ್ಕೆ ಹತ್ತಿರವಾಗಿ ಬಂದು ತಿರುಗಬೇಕು, ಎಡಕ್ಕೆ ತಿರುಗುವವರು ಎಡ ಅಂಚಿಗೆ ಹತ್ತಿರವಿರಬೇಕು ಎಂಬುದು ಚಾಲನಾ ನಿಯಮವೂ ಹೌದು. ಆದ್ದರಿಂದ ಮೊದಲು ಒಳಗಿನ ಕನ್ನಡಿ, ಆಮೇಲೆ ಬಲಗನ್ನಡಿ, ನಂತರ ಇಂಡಿಕೇಟರ್, ಬಲಭುಜದ ಕಡೆಗೊಂದು ಕಿರುನೋಟ, ಅದಾದ ಮೇಲೆ ಮಧ್ಯಕ್ಕೆ ನಿಧಾನವಾಗಿ ಸರಿಯುವುದು, ಎರಡನೇ ಗೇರಿಗೆ ಇಳಿಯುವುದು, ಈ ಕ್ರಮವನ್ನು ರೂಢಿಮಾಡಿಕೊಳ್ಳಿ. ಮಧ್ಯಕ್ಕೆ ಬರಲು ಅವಕಾಶವೇ ಸಿಗದಿದ್ದರೆ ಬಲತಿರುವನ್ನು ಆ ಸಲ ಕೈಬಿಟ್ಟು ನೇರ ಹೋಗಿ, ಮುಂದೆಲ್ಲಾದರೂ ತಿರುಗಿಸಿಕೊಂಡು ಬನ್ನಿ. ಐದು ನಿಮಿಷ ತಡವಾಗುತ್ತದೆ, ಅಷ್ಟೇ.

ಯಾರು ಮೊದಲು ಹೋಗಬೇಕು ಎಂಬುದಕ್ಕೂ ಉತ್ತರವಿದೆ. 2017ರ ಮೋಟಾರು ವಾಹನ ಚಾಲನಾ ನಿಯಮಾವಳಿಯ ಪ್ರಕಾರ ವೃತ್ತದೊಳಗೆ ಆಗಲೇ ಸುತ್ತುತ್ತಿರುವ ವಾಹನಕ್ಕೆ ಆದ್ಯತೆ, ಒಳಬರುವವರು ಕಾಯಬೇಕು. ಸಿಗ್ನಲ್ಲಾಗಲಿ ಫಲಕವಾಗಲಿ ಇಲ್ಲದ ಸಾಮಾನ್ಯ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕು. ಇದನ್ನು ಎಲ್ಲರೂ ಪಾಲಿಸುವುದಿಲ್ಲ ಎಂಬುದು ನಿಮಗೂ ಗೊತ್ತು. ಹಾಗೆಂದು ನಿಯಮ ವ್ಯರ್ಥವಲ್ಲ; ನೀವು ಎಲ್ಲಿ ನಿಲ್ಲಬೇಕೆಂಬುದನ್ನಂತೂ ಅದು ಖಚಿತಪಡಿಸುತ್ತದೆ. ನಿಮಗೆ ಆದ್ಯತೆ ಇದ್ದಾಗಲೂ ಎದುರಿನವರು ನಿಜವಾಗಿ ನಿಧಾನಿಸುತ್ತಿದ್ದಾರೆಯೇ ಎಂದು ನೋಡಿಯೇ ಮುಂದುವರಿಯಿರಿ.

ಇನ್ನು ಉಳಿದದ್ದು ಅಂತರದ ಅಳತೆ, ನಿಮ್ಮ ಪ್ರಶ್ನೆಯ ತಿರುಳೂ ಇದೇ. ಗಂಟೆಗೆ 40 ಕಿ.ಮೀ. ವೇಗದ ವಾಹನ ಒಂದು ಸೆಕೆಂಡಿನಲ್ಲಿ ಸುಮಾರು 11 ಮೀಟರ್ ಸಾಗುತ್ತದೆ. ನಿಂತಲ್ಲಿಂದ ಹೊರಟು ಎದುರು ಬದಿಯ ರಸ್ತೆಯನ್ನು ಪೂರ್ತಿ ದಾಟಲು ಹೊಸಬರಿಗೆ ನಾಲ್ಕೈದು ಸೆಕೆಂಡಾದರೂ ಬೇಕು. ಆ ಅವಧಿಯಲ್ಲಿ ಎದುರಿನ ಗಾಡಿ 45ರಿಂದ 55 ಮೀಟರ್ ಹತ್ತಿರ ಬಂದಿರುತ್ತದೆ. ಅಂದರೆ ಐದು ಸಾರಿಗೆ ಬಸ್ಸುಗಳನ್ನು ಒಂದರ ಹಿಂದೊಂದು ನಿಲ್ಲಿಸಿದಷ್ಟು ಜಾಗ ಖಾಲಿ ಇದ್ದರೂ ಅದು ಅಂಚಿನ ಲೆಕ್ಕವೇ. ಆರೇಳು ಬಸ್ಸಿನಷ್ಟು ಇದ್ದರೆ ನೆಮ್ಮದಿಯಿಂದ ಹೋಗಬಹುದು. ಮೊದಲ ಕೆಲವು ದಿನ ನಡೆದು ಹೋಗುವಾಗಲೇ ರಸ್ತೆ ಬದಿಯಲ್ಲಿ ನಿಂತು, ದೂರದ ಕಂಬವೊಂದನ್ನು ದಾಟಿದ ವಾಹನ ನಿಮ್ಮೆದುರು ಬರಲು ಎಷ್ಟು ಸೆಕೆಂಡು ತೆಗೆದುಕೊಳ್ಳುತ್ತದೆ ಎಂದು ಎಣಿಸಿ ನೋಡಿ. ಕಣ್ಣಿಗೆ ಈ ಅಭ್ಯಾಸವಾಗಲು ಸ್ಟಿಯರಿಂಗ್ ಹಿಡಿದೇ ಇರಬೇಕೆಂದಿಲ್ಲ. ಬೈಕಿನ ವಿಷಯದಲ್ಲಿ ವಿಶೇಷ ಎಚ್ಚರ ಬೇಕು: ಅದರ ಗಾತ್ರ ಚಿಕ್ಕದಾದ್ದರಿಂದ ಇರುವುದಕ್ಕಿಂತ ದೂರದಲ್ಲಿದೆ, ನಿಧಾನವಾಗಿ ಬರುತ್ತಿದೆ ಎಂದು ಕಾಣುತ್ತದೆ. ಕಾರಿನ ಮುಂಗಾಜಿನ ಪಕ್ಕದ ಕಂಬದ ಹಿಂದೆ ಇಡೀ ಬೈಕೇ ಮರೆಯಾಗಿಬಿಡಬಹುದು. ಹೊರಡುವ ಮುನ್ನ ತಲೆಯನ್ನು ಸ್ವಲ್ಪ ಮುಂದಕ್ಕೂ ಪಕ್ಕಕ್ಕೂ ಬಾಗಿಸಿ ನೋಡಿ.

ಕಾಯುತ್ತಿರುವಾಗ ಚಕ್ರಗಳನ್ನು ನೇರವಾಗಿಯೇ ಇಟ್ಟುಕೊಳ್ಳಿ. ಮೊದಲೇ ಬಲಕ್ಕೆ ತಿರುಗಿಸಿಟ್ಟಿದ್ದರೆ, ಹಿಂದಿನಿಂದ ಯಾರಾದರೂ ತಾಗಿಸಿದಾಗ ಕಾರು ಎದುರಿನ ವಾಹನಗಳ ನಡುವೆಯೇ ನುಗ್ಗುತ್ತದೆ. ಇದನ್ನು ಬಹಳ ಮಂದಿ ಕಲಿಸುವುದಿಲ್ಲ, ಕಲಿಸಲೇಬೇಕಾದ ಸಂಗತಿ.

ಸಿಗ್ನಲ್ ಇರುವ ಕಡೆ ಕೆಲಸ ಹಗುರ. ಹಳದಿ ದೀಪ ಬಂದಾಗ ಬಿಳಿ ಗೆರೆಗೆ ಮುಂಚೆ ಸುರಕ್ಷಿತವಾಗಿ ನಿಲ್ಲಲು ಸಾಧ್ಯವಿದ್ದರೆ ನಿಲ್ಲಿ. ಹಸಿರಿದ್ದರೂ ಆಚೆ ಬದಿಯಲ್ಲಿ ವಾಹನಗಳು ನಿಂತಿದ್ದರೆ ಒಳಗೆ ಹೋಗಬೇಡಿ. ಪೊಲೀಸರು ಕೈ ತೋರಿಸುತ್ತಿದ್ದರೆ ದೀಪಕ್ಕಿಂತ ಅವರ ಸೂಚನೆಯೇ ಮೇಲು.

ಹಿಂದಿನವರ ಹಾರ್ನ್ ನಿಮಗೆ ಅಪ್ಪಣೆಯಲ್ಲ. ಅವರಿಗೆ ನಿಮ್ಮ ಎದುರಿನ ರಸ್ತೆ ಪೂರ್ತಿ ಕಾಣುವುದಿಲ್ಲ, ಅಪಘಾತವಾದರೆ ಹೊಣೆಯನ್ನೂ ಅವರು ಹೊರುವುದಿಲ್ಲ. ಗಾಡಿ ಆಫ್ ಆದರೆ ಬ್ರೇಕ್ ಗಟ್ಟಿಯಾಗಿ ಒತ್ತಿ, ನಾಲ್ಕೂ ಇಂಡಿಕೇಟರ್ ಒಟ್ಟಿಗೆ ಮಿನುಗುವ ಗುಂಡಿ ಹಾಕಿ, ಕ್ಲಚ್ ಪೂರ್ತಿ ಒತ್ತಿ ನ್ಯೂಟ್ರಲ್‌ಗೆ ತಂದು ಸ್ಟಾರ್ಟ್ ಮಾಡಿ. ಮತ್ತೆ ಮೊದಲನೇ ಗೇರು ಹಾಕಿ, ಇಂಜಿನ್ ಸದ್ದು ತುಸು ತಗ್ಗುವವರೆಗೆ ಕ್ಲಚ್ ಬಿಟ್ಟು ಅಲ್ಲೇ ಹಿಡಿದು, ಮತ್ತೊಮ್ಮೆ ಎರಡೂ ಕಡೆ ನೋಡಿ ಹೊರಡಿ. ಏರಿನಲ್ಲಿ ನಿಂತಿದ್ದರೆ ಹ್ಯಾಂಡ್ ಬ್ರೇಕ್ ಬಳಸಲು ಸಂಕೋಚ ಬೇಡ. ಇದೆಲ್ಲಕ್ಕೆ ಹತ್ತು ಸೆಕೆಂಡು ಸಾಕು. ಕ್ಲಚ್ಚಿನ ಈ ಹಿಡಿತವನ್ನು ಮಾತ್ರ ಖಾಲಿ ಮೈದಾನದಲ್ಲಿ ಸಾಕೆನಿಸುವಷ್ಟು ಸಲ ಕಲಿತು ಬರಬೇಕು.

ಅಭ್ಯಾಸಕ್ಕೆ ಭಾನುವಾರದ ಬೆಳಿಗ್ಗೆ ಹೊತ್ತು ಒಳ್ಳೆಯದು. ನೀವು ಹೆದರುವ ಅದೇ ವೃತ್ತವನ್ನು ನಾಲ್ಕೂ ದಿಕ್ಕಿನಿಂದ ಪ್ರವೇಶಿಸಿ, ಮೊದಲು ಎಡಕ್ಕೆ, ಆಮೇಲೆ ನೇರಕ್ಕೆ, ಕೊನೆಗೆ ಬಲಕ್ಕೆ ಹೋಗಿ ನೋಡಿ. ಅದು ಸಲೀಸಾದ ಮೇಲೆ ವಾರದ ದಿನದ ಮಧ್ಯಾಹ್ನ, ಅನಂತರ ಶಾಲೆ ಬಿಡುವ ಹೊತ್ತು. ಮಳೆಯಲ್ಲಿ ಒಮ್ಮೆಯಾದರೂ ಅನುಭವಸ್ಥರನ್ನು ಪಕ್ಕದಲ್ಲಿ ಕೂರಿಸಿಕೊಂಡು ಓಡಿಸಿ. ಗಾಜು ಮಬ್ಬಾಗುವುದರಿಂದ ಅಂತರದ ಅಂದಾಜು ತಪ್ಪುತ್ತದೆ, ಬ್ರೇಕ್ ಹಿಡಿಯಲು ಹೆಚ್ಚು ದೂರ ಬೇಕಾಗುತ್ತದೆ. ಹಾಸನಾಂಬೆಯ ದರ್ಶನದ ದಿನಗಳಲ್ಲಿ ಹೊರಊರಿನ ವಾಹನಗಳು ತುಂಬಿ ಊರಿನ ದಾರಿಗಳೇ ಬದಲಾಗಿರುತ್ತವೆ, ಆಗ ಕಾರನ್ನು ಮನೆಯಲ್ಲಿಟ್ಟು ನಡೆದೇ ಹೋಗಿ.