ಹಿರಿಯರ 'ಅಡ್ಡಿಯಿಲ್ಲ'ದೊಳಗೆ ಏನುಂಟು?

ಉಡುಪಿಯ ರಥಬೀದಿಗೆ ಸಂಜೆ ವಾಕಿಂಗ್ ಬರುವ ಎಪ್ಪತ್ತೈದರ ಹಿರಿಯರಲ್ಲಿ ಆರೋಗ್ಯ ಹೇಗುಂಟು ಎಂದು ಕೇಳಿ. ಬಿಪಿ, ಶುಗರ್, ಮಂಡಿನೋವು ಮೂರೂ ಇದ್ದವರೂ 'ಅಡ್ಡಿಯಿಲ್ಲ' ಎನ್ನುವುದುಂಟು. ಅದು ಸುಳ್ಳಲ್ಲ. ನಲವತ್ತರಲ್ಲಿ ಕಾಯಿಲೆ ಇಲ್ಲದಿದ್ದರೆ ಆರೋಗ್ಯ. ಪ್ರಾಯವಾದ ಮೇಲೆ ತನ್ನ ಸ್ನಾನ ತಾನೇ ಮಾಡಿ, ದೇವಸ್ಥಾನಕ್ಕೆ ಹೋಗಿ ಬಂದರೆ ಆರೋಗ್ಯ. ಹೋಲಿಕೆಯೂ ಹಾಸಿಗೆ ಹಿಡಿದ ಓರಗೆಯವರ ಜೊತೆಗೆ.

ಈ ಸ್ವಂತ ಅಂದಾಜಿಗೆ ತೂಕವಿದೆ. ಕೆನಡಾದ ಮ್ಯಾನಿಟೋಬಾದಲ್ಲಿ 65 ದಾಟಿದವರ ಮೇಲೆ ನಡೆದು 1982ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತಮ್ಮ ಆರೋಗ್ಯ ಕೆಟ್ಟಿದೆ ಎಂದವರ ಸಾವಿನ ಸಾಧ್ಯತೆ, ಅತ್ಯುತ್ತಮ ಎಂದವರದ್ದಕ್ಕಿಂತ ಸುಮಾರು ಮೂರು ಪಟ್ಟು ಇತ್ತು. ವೈದ್ಯಕೀಯ ದಾಖಲೆಗಳನ್ನು ಲೆಕ್ಕಕ್ಕೆ ಹಿಡಿದ ಮೇಲೂ ವ್ಯತ್ಯಾಸ ಉಳಿಯಿತು. ಹಸಿವು, ನಿದ್ದೆ, ಸುಸ್ತು ಲ್ಯಾಬ್ ರಿಪೋರ್ಟಿನಲ್ಲಿ ಬರುವುದಿಲ್ಲ, ಅನುಭವಿಸುವವರಿಗೆ ಗೊತ್ತಿರುತ್ತದೆ. ಹಾಗಾಗಿ 'ಯಾಕೋ ಮೊದಲಿನ ಹಾಗಿಲ್ಲ' ಎಂದು ಹಿರಿಯರು ಹೇಳಿದರೆ, ರಿಪೋರ್ಟ್ ನಾರ್ಮಲ್ ಎಂದು ಬಾಯಿ ಮುಚ್ಚಿಸಬೇಡಿ.

ಅಂದಾಜು ತಪ್ಪುವುದು ನಿಧಾನವಾಗಿ ಬರುವ ನಷ್ಟದಲ್ಲಿ. ಅಂಗಳದ ಮೆಟ್ಟಿಲು ಕಷ್ಟವಾದರೆ ಇಳಿಯುವುದನ್ನೇ ಬಿಡುತ್ತಾರೆ. ಬಿಟ್ಟ ಮೇಲೆ ಕಷ್ಟ ನೆನಪಾಗುವುದಿಲ್ಲ. ನಮ್ಮ ಕರಾವಳಿಯಲ್ಲಿ ಜೂನ್‌ನಿಂದ ಪಾಚಿಗೆ ಹೆದರಿ ಒಳಗೇ ಕೂತವರ ತೊಡೆಯ ಬಲ ಸೆಪ್ಟೆಂಬರ್ ಹೊತ್ತಿಗೆ ಕುಗ್ಗಿರುತ್ತದೆ. ಆದ್ದರಿಂದ 'ಹುಷಾರಿದ್ದೀರಾ' ಎನ್ನುವುದಕ್ಕಿಂತ 'ಹೋದ ವರ್ಷ ಮಾಡುತ್ತಿದ್ದ ಯಾವ ಕೆಲಸ ಈಗ ಬಿಟ್ಟಿದ್ದೀರಿ' ಎಂದು ಕೇಳುವುದು ಒಳ್ಳೆಯದು.

ಕಾಲಿನ ಬಲವನ್ನು ಮನೆಯಲ್ಲೇ ನೋಡಬಹುದು. ಕೈಯಿಲ್ಲದ ಗಟ್ಟಿ ಕುರ್ಚಿಯನ್ನು ಗೋಡೆಗೆ ಒತ್ತಿಡಿ. ಎರಡೂ ಕೈ ಎದೆಗೆ ಕಟ್ಟಿ ಐದು ಸಲ ಪೂರ್ತಿ ಎದ್ದು ಕೂರಲಿ. ಪಕ್ಕದಲ್ಲಿ ಒಬ್ಬರು ನಿಂತಿರಿ. 15 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಕಾಲಿನ ಬಲ ಕಡಿಮೆ. ಕೈ ಊರಿ ಎದ್ದರೆ ತೊಡೆಯ ದೌರ್ಬಲ್ಯ ಮುಚ್ಚಿಹೋಗುತ್ತದೆ, ಅದಕ್ಕೇ ಕೈ ಕಟ್ಟುವುದು.

ಎದ್ದಾಗ ತಲೆ ತಿರುಗುವುದನ್ನೂ 'ಪ್ರಾಯ ಆಯ್ತಲ್ಲ' ಎಂದು ಬಿಡಬೇಡಿ. ಐದು ನಿಮಿಷ ಮಲಗಿಸಿ ಬಿಪಿ ನೋಡಿ, ಎದ್ದು ನಿಂತ ಮೂರು ನಿಮಿಷದೊಳಗೆ ಮತ್ತೆ ನೋಡಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಬೀಳುವ ಅಪಾಯವಿದೆ. ಬಿಪಿ ಅಥವಾ ಪ್ರಾಸ್ಟೇಟ್ ಮಾತ್ರೆಯೂ ಕಾರಣವಿರಬಹುದು. ತಾವಾಗಿ ನಿಲ್ಲಿಸದೆ ಚೀಟಿ ಸಮೇತ ವೈದ್ಯರಿಗೆ ತೋರಿಸಿ.

ಎದೆಯುರಿಯನ್ನು ಗ್ಯಾಸ್ ಎಂದು ಸೋಡಾ ಕುಡಿದು ಕೂರುವುದು ಇನ್ನೂ ಅಪಾಯ, ಅದು ಹೃದಯಾಘಾತವೂ ಇರಬಹುದು. ಶುಗರ್ ಇರುವವರಲ್ಲಿ ಹೃದಯಾಘಾತ ಎದೆನೋವಿಲ್ಲದೆ, ಬರೀ ಉಬ್ಬಸ, ಬೆವರು, ಸುಸ್ತಾಗಿ ಬರಬಹುದು. ಆಗ ಬೆಳಗಾಗಲಿ ಎಂದು ಕಾಯಬೇಡಿ, ಕೂಡಲೇ 108ಕ್ಕೆ ಫೋನ್ ಮಾಡಿ.