ಕಿಂಗ್ ಮನೆಗೆ ಬಂದ ಪೊಟ್ಟಣ

1965ರ ಜನವರಿಯಲ್ಲಿ ಅಟ್ಲಾಂಟಾದ ಮನೆಗೆ ಬಂದಿದ್ದ ಒಂದು ಪೊಟ್ಟಣವನ್ನು ಅಮೆರಿಕದ ಕಪ್ಪುವರ್ಣೀಯರ ಹಕ್ಕುಗಳ ಹೋರಾಟದ ನಾಯಕ ಮಾರ್ಟಿನ್ ಲೂಥರ್ ಕಿಂಗ್ ಅವರ ಹೆಂಡತಿ ಕೊರೆಟ್ಟಾ ಸ್ಕಾಟ್ ಕಿಂಗ್ ಬಿಚ್ಚಿದರು. ಒಳಗೆ ಟೇಪಿನ ಸುರುಳಿ ಇತ್ತು. ಗಂಡನ ಯಾವುದೋ ಭಾಷಣ ಇರಬೇಕು ಎಂದುಕೊಂಡರು. ಜೊತೆಗಿದ್ದ ಪತ್ರಕ್ಕೆ ಸಹಿ ಇರಲಿಲ್ಲ. ಕಪ್ಪುವರ್ಣೀಯನೊಬ್ಬ ರೋಸಿಹೋಗಿ ಬರೆದನೇನೋ ಎಂಬ ಧಾಟಿಯ ಆ ಪತ್ರ, ಮಾರ್ಟಿನ್ ಲೂಥರ್ ಕಿಂಗ್ ಅವರನ್ನು ವಂಚಕ ಎಂದು ಜರೆದು 34 ದಿನಗಳ ಗಡುವು ಕೊಟ್ಟಿತ್ತು. ಏನು ಮಾಡಬೇಕೆಂದು ಬಾಯಿಬಿಟ್ಟು ಹೇಳಿರಲಿಲ್ಲ. ಆತ್ಮಹತ್ಯೆ ಮಾಡಿಕೋ ಎನ್ನುತ್ತಿದ್ದಾರೆ ಎಂದೇ ಕಿಂಗ್ ಅರ್ಥಮಾಡಿಕೊಂಡರು.

ಪೊಟ್ಟಣ ಹೊರಟದ್ದು 1964ರ ನವೆಂಬರಿನಲ್ಲಿ, ನೊಬೆಲ್ ಶಾಂತಿ ಪ್ರಶಸ್ತಿ ಪಡೆಯಲು ಕಿಂಗ್ ಓಸ್ಲೋಗೆ ಹೋಗುವ ಕೆಲವೇ ದಿನ ಮೊದಲು. ಕಳಿಸಿದ್ದು ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐ. ಅದೇ ತಿಂಗಳು ಅದರ ಮುಖ್ಯಸ್ಥ ಎಡ್ಗರ್ ಹೂವರ್, ದೇಶದಲ್ಲೇ ಕುಖ್ಯಾತ ಸುಳ್ಳುಗಾರ ಎಂದು ಪತ್ರಕರ್ತೆಯರ ಮುಂದೆ ಕಿಂಗ್ ಅವರನ್ನು ಹಳಿದಿದ್ದ.

ಕಿಂಗ್ ಮೇಲಿನ ಈ ಬೇಹುಗಾರಿಕೆ ಶುರುವಾದದ್ದು ಕಮ್ಯುನಿಸ್ಟರ ಗುಮ್ಮ ತೋರಿಸಿ. ಕಿಂಗ್‌ ಅವರ ಸಲಹೆಗಾರ ಸ್ಟ್ಯಾನ್ಲಿ ಲೆವಿಸನ್ ಮೇಲಿನ ಅನುಮಾನವನ್ನು ಮುಂದಿಟ್ಟು ಎಫ್‌ಬಿಐ ಕೇಳಿದಾಗ, 1963ರ ಅಕ್ಟೋಬರಿನಲ್ಲಿ ಫೋನ್ ಕದ್ದಾಲಿಕೆಗೆ ಒಪ್ಪಿಗೆ ಕೊಟ್ಟವರು ಆಗ ಅಟಾರ್ನಿ ಜನರಲ್, ಅಂದರೆ ನ್ಯಾಯ ಇಲಾಖೆಯ ಮುಖ್ಯಸ್ಥರಾಗಿದ್ದ ರಾಬರ್ಟ್ ಕೆನಡಿ. ಮುಂದೆ ಹೋಟೆಲ್ ಕೋಣೆಗಳಿಗೂ ಮೈಕ್ ಬಂತು. ಹುಡುಕಿದ್ದು ದೇಶದ್ರೋಹ, ಸಿಕ್ಕಿದ್ದು ದಾಂಪತ್ಯದಾಚೆಯ ಸಂಬಂಧಗಳ ಸುಳಿವು. ಅದನ್ನೇ ಪತ್ರಕರ್ತರಿಗೆ ಕೊಡಲು ನೋಡಿದರು. ಆಗ ಯಾರೂ ಅಚ್ಚು ಹಾಕಲಿಲ್ಲ.

ಹೀಗೆಂದು ಕಿಂಗ್ ಅವರ ತಪ್ಪು ಸುಳ್ಳಾಗುವುದಿಲ್ಲ. ಅವರ ಜೀವದ ಗೆಳೆಯ ರಾಲ್ಫ್ ಅಬರ್ನಥಿ 1989ರಲ್ಲಿ ತಮ್ಮ ಆತ್ಮಕಥೆಯಲ್ಲೇ ಅದನ್ನು ಬರೆದರು. ನನಗೆ ಅದಕ್ಕಿಂತ ಹೆಚ್ಚು ನೋವು ಕೊಡುವುದು ಬೇಯರ್ಡ್ ರಸ್ಟಿನ್ ಪ್ರಸಂಗ. ಅಹಿಂಸೆಯ ಪಟ್ಟುಗಳನ್ನು ಕಿಂಗ್‌ಗೆ ಕಲಿಸಿದವರಲ್ಲಿ ರಸ್ಟಿನ್ ಒಬ್ಬರು. ಸಲಿಂಗಿ. 1953ರಲ್ಲಿ ಅದೇ ಕಾರಣಕ್ಕೆ ಜೈಲು ಕಂಡವರು. 1960ರಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್‌ನ ಸದಸ್ಯ ಆಡಮ್ ಕ್ಲೇಟನ್ ಪೊವೆಲ್, ಇಬ್ಬರ ನಡುವೆ ಸಂಬಂಧವಿದೆ ಎಂಬ ಸುಳ್ಳು ಸುದ್ದಿ ಹಬ್ಬಿಸುವ ಬೆದರಿಕೆ ಹಾಕಿದರು. ಕಿಂಗ್ ಮಣಿದರು, ರಸ್ಟಿನ್ ದೂರ ಸರಿದರು. ಬಾಂಬಿಗೆ ಹೆದರದ ಮನುಷ್ಯ ಗುಸುಗುಸು ಮಾತಿಗೆ ಹೆದರಿ ಗೆಳೆಯನನ್ನು ಕೈಬಿಟ್ಟದ್ದನ್ನು ಮುಚ್ಚಿಡುವುದು ಸರಿಯಲ್ಲ. 1963ರ ಆಗಸ್ಟಿನಲ್ಲಿ, ಕಪ್ಪುವರ್ಣೀಯರ ಹಕ್ಕುಗಳಿಗಾಗಿನ ವಾಷಿಂಗ್ಟನ್ ಜಾಥಾಕ್ಕೆ ಎರಡು ವಾರ ಇರುವಾಗ, ಸೆನೆಟರ್ ಸ್ಟ್ರಾಮ್ ಥರ್ಮಂಡ್ ಆ ಹಳೆಯ ಬಂಧನವನ್ನು ಸೆನೆಟ್‌ನಲ್ಲೇ ಎತ್ತಿದಾಗ ಮಾತ್ರ ಚಳವಳಿಯ ನಾಯಕರು ಜಾಥಾದ ಸಂಘಟಕ ರಸ್ಟಿನ್ ಬೆನ್ನಿಗೆ ನಿಂತರು.

ತಪ್ಪಿನ ಭಾರ ಕಿಂಗ್ ಅವರಿಗೆ ಗೊತ್ತಿತ್ತು. 1968ರ ಮಾರ್ಚ್ 3ರ ಭಾನುವಾರ ಎಬನೇಜರ್ ಚರ್ಚಿನಲ್ಲಿ ಅವರು ಬೈಬಲಿನ ರಾಜ ದಾವೀದನ ಕಥೆ ಹಿಡಿದು ಪ್ರವಚನ ಮಾಡಿದರು. ದೇವಾಲಯ ಕಟ್ಟುವ ಆಸೆ ಇತ್ತು, ದಾವೀದನ ಕೈಯಲ್ಲಿ ಆಗಲಿಲ್ಲ, ಆದರೂ ಅದು ಅವನ ಹೃದಯದಲ್ಲಿತ್ತಲ್ಲ ಎಂದರು. ನಾನು ಸಂತನಲ್ಲ, ಎಲ್ಲರಂತೆ ಪಾಪಿ, ಆದರೆ ಒಳ್ಳೆಯ ಮನುಷ್ಯನಾಗುವ ಆಸೆಯಿದೆ ಎಂದೂ ಹೇಳಿಕೊಂಡರು. ತಿಂಗಳೊಪ್ಪತ್ತಿನಲ್ಲಿ, ಏಪ್ರಿಲ್ 4ರಂದು, ಮೆಂಫಿಸ್‌ನಲ್ಲಿ ಅವರ ಕೊಲೆಯಾಯಿತು.

ಪತ್ರದ ವಿಷಯ ಹೊರಬಿದ್ದದ್ದು 1975ರಲ್ಲಿ, ಸೆನೆಟ್ ಸಮಿತಿಯ ತನಿಖೆಯಿಂದ. 1977ರಲ್ಲಿ ನ್ಯಾಯಾಲಯ ಕದ್ದಾಲಿಕೆಯ ಟೇಪುಗಳನ್ನು 50 ವರ್ಷ ಮುಚ್ಚಿಡಲು ಆದೇಶಿಸಿತು. 2025ರ ಜುಲೈನಲ್ಲಿ ಕಿಂಗ್ ಕುರಿತ 2,30,000ಕ್ಕೂ ಹೆಚ್ಚು ಪುಟಗಳ ಸರ್ಕಾರಿ ಕಡತ ಬಯಲಾದಾಗ, ಉಳಿದಿರುವ ಇಬ್ಬರು ಮಕ್ಕಳು ಓದುವವರಲ್ಲಿ ಕೇಳಿಕೊಂಡದ್ದು ಇಷ್ಟೇ: ನಮ್ಮ ದುಃಖ ಇನ್ನೂ ಆರಿಲ್ಲ, ಅದನ್ನು ನೆನಪಿಟ್ಟುಕೊಂಡು ಓದಿ.